ಡೇನಿಯಲ್ ಬೂನ್‌ನ ಪಹಣಿ ಹುಡುಕುತ್ತ

ಯಾರಾದರೂ ತಮ್ಮ ಮನೆತನದ ಕಥೆ ಹೇಳಲು ಕುಳಿತರೆ ನಾನು ಮೊದಲು ಕೇಳುವುದು, ಹೊಲ ಎಲ್ಲಿತ್ತು ಎಂದು. ಮುತ್ಯಾ ಹುಲಿ ಹೊಡೆದದ್ದು, ಜಾಗೀರದಾರನ ಎದುರು ಎದೆಯುಬ್ಬಿಸಿ ನಿಂತದ್ದು, ಇವೆಲ್ಲ ಆಮೇಲೆ ಬರಲಿ. ಸರ್ವೆ ನಂಬರ್ ಸಿಕ್ಕರೆ ಮನುಷ್ಯ ಸಿಗುತ್ತಾನೆ. ಕಲಬುರಗಿ ಜಿಲ್ಲೆಯ ತಹಸೀಲು ಕಚೇರಿಗಳ ರೆಕಾರ್ಡ್ ರೂಮುಗಳಲ್ಲಿ ಉರ್ದು ಕಡತಗಳ ಧೂಳು ಕುಡಿದು ನಿವೃತ್ತನಾದವನು ನಾನು. ನನಗೆ ಬೇರೆ ದಾರಿ ಹೊಳೆಯುವುದಿಲ್ಲ.

ಈ ಚಟ ಗೊತ್ತಿದ್ದೇ ಅಣ್ಣನ ಮಗಳು ನನಗೊಂದು ಕೆಲಸ ಅಂಟಿಸಿದಳು. ಅವಳಿರುವುದು ಅಮೆರಿಕದ ಕೆಂಟಕಿ ರಾಜ್ಯದ ಲೆಕ್ಸಿಂಗ್ಟನ್‌ನಲ್ಲಿ. ಜೊತೆಗೆ ಕೆಲಸ ಮಾಡುವ ಹಿರಿಯ ಹೆಂಗಸೊಬ್ಬರ ತವರಿನ ಅಡ್ಡಹೆಸರು ಬೂನ್. ತಾವು ಡೇನಿಯಲ್ ಬೂನ್‌ನ ನೇರ ವಂಶದವರೆಂದು ಆ ಮನೆಯವರು ಹಿಂದಿನಿಂದಲೂ ಹೇಳಿಕೊಂಡು ಬಂದಿದ್ದಾರೆ. ಕಾಗದ ಮಾತ್ರ ಯಾರ ಬಳಿಯೂ ಇಲ್ಲ. "ನಮ್ಮ ಕಾಕಾ ನಿಜಾಮರ ಕಾಲದ ಪಹಣಿ ಓದಿ ಸತ್ತವರನ್ನೆಲ್ಲ ಎಬ್ಬಿಸಿ ನಿಲ್ಲಿಸುತ್ತಾರೆ" ಎಂದು ಇವಳು ಅಲ್ಲಿ ಕೊಚ್ಚಿಕೊಂಡಿದ್ದಾಳೆ. ಫೋನಿನಲ್ಲಿ ನನಗೆ ಹೇಳಿದ್ದು ಇಷ್ಟೇ: "ಕಾಕಾ, ಅವರ ಹಳೆಯ ದಾಖಲೆಗಳು ಬಹುಪಾಲು ಇಂಟರ್‌ನೆಟ್‌ನಲ್ಲೇ ಇವೆ. ನೀವು ಮನೆಯಲ್ಲಿ ಕುಳಿತೇ ನೋಡಬಹುದು. ಇಲ್ಲ ಎನ್ನಬೇಡಿ."

ಡೇನಿಯಲ್ ಬೂನ್ ಯಾರೆಂದರೆ, ಅಮೆರಿಕದ ಪೂರ್ವ ತೀರದಲ್ಲಿ ನೆಲೆ ನಿಂತಿದ್ದ ಬಿಳಿಯರು ಅಪಲೇಚಿಯನ್ ಬೆಟ್ಟ ದಾಟಿ ಪಶ್ಚಿಮಕ್ಕೆ ನುಗ್ಗುವಾಗ ದಾರಿ ಕಡಿದವನು. 1775ರಲ್ಲಿ ಸುಮಾರು ಮೂವತ್ತು ಜನರನ್ನು ಕಟ್ಟಿಕೊಂಡು ಕಂಬರ್ಲೆಂಡ್ ಕಣಿವೆಯ ಮೂಲಕ ಕೆಂಟಕಿಗೆ ಹಾದಿ ಮಾಡಿ, ನದಿಯ ದಂಡೆಯ ಮೇಲೆ ಬೂನ್ಸ್‌ಬರೋ ಎಂಬ ಕೋಟೆ ಕಟ್ಟಿದ. ಚಿತ್ರಗಳಲ್ಲಿ ಅವನ ತಲೆಯ ಮೇಲೆ ಬಾಲವಿರುವ ತುಪ್ಪಳದ ಟೋಪಿ ಕಾಣುತ್ತದೆ. ಅವನು ಹಾಕುತ್ತಿದ್ದುದು ಅಗಲ ಅಂಚಿನ ಸಾದಾ ಹ್ಯಾಟು. ಒಂದು ಟೋಪಿಯ ವಿಷಯದಲ್ಲಿಯೇ ಇಷ್ಟು ಸುಳ್ಳು ಸೇರಿಕೊಂಡ ಮೇಲೆ ವಂಶಾವಳಿಯಲ್ಲಿ ಎಷ್ಟು ಸೇರಿರಬಹುದು ಎಂದುಕೊಂಡೇ ಕೆಲಸಕ್ಕೆ ಕುಳಿತೆ.

ಮೇಲಿನ ತಲೆಮಾರುಗಳು ಸುಲಭ. ಡೇನಿಯಲ್‌ನ ಅಜ್ಜ ಜಾರ್ಜ್ ಬೂನ್ ಇಂಗ್ಲೆಂಡಿನ ಡೆವನ್ ಸೀಮೆಯ ಬ್ರಾಡ್‌ನಿಂಚ್ ಎಂಬ ಊರಿನ ನೇಕಾರ. ದೊಡ್ಡ ಮಕ್ಕಳನ್ನು ಮೊದಲು ಕಳಿಸಿ ನೆಲ ಹೇಗಿದೆ ಎಂದು ನೋಡಿಸಿ, ಆಮೇಲೆ 1717ರಲ್ಲಿ ತಾನೂ ಹೆಂಡತಿ ಮಕ್ಕಳೊಡನೆ ಫಿಲಡೆಲ್ಫಿಯಾಕ್ಕೆ ಹಡಗು ಹತ್ತಿದ. ಹಾಗೆ ಮುಂಚೆ ಹೋದವರಲ್ಲಿ ಒಬ್ಬ ಸ್ಕ್ವಾಯರ್ ಬೂನ್. ಅವನೂ ನೇಯುತ್ತಿದ್ದ, ಜೊತೆಗೆ ಕಮ್ಮಾರಿಕೆ. 1720ರಲ್ಲಿ ಸಾರಾ ಮಾರ್ಗನ್ ಎಂಬವಳನ್ನು ಮದುವೆಯಾದ. ಹನ್ನೊಂದು ಮಕ್ಕಳಲ್ಲಿ ಆರನೆಯವನು ಡೇನಿಯಲ್. ಇಷ್ಟು ಖಚಿತವಾಗಿ ತಿಳಿಯಲು ಕಾರಣ ಇವರು ಕ್ವೇಕರ್ ಎಂಬ ಕ್ರೈಸ್ತ ಪಂಥದವರಾಗಿದ್ದದ್ದು. ಆ ಪಂಥದವರು ಪಾದ್ರಿಯನ್ನಿಟ್ಟುಕೊಳ್ಳಲಿಲ್ಲ, ಆದರೆ ಪುಸ್ತಕ ಬಿಡಲಿಲ್ಲ. ಹುಟ್ಟು, ಸಾವು, ಮದುವೆ, ಒಂದೂರಿಂದ ಇನ್ನೊಂದೂರಿಗೆ ಹೋಗುವಾಗ ಒಯ್ಯುವ ನಡತೆಯ ಪತ್ರ, ತಪ್ಪು ಮಾಡಿದವರ ವಿಚಾರಣೆ, ಎಲ್ಲವನ್ನೂ ತಿಂಗಳ ಸಭೆಯ ಪುಸ್ತಕದಲ್ಲಿ ಬರೆದಿಟ್ಟರು. ಮದುವೆಯ ಪತ್ರಕ್ಕಂತೂ ಬಂದ ನೆಂಟರಿಷ್ಟರೆಲ್ಲ ಸಹಿ ಹಾಕಬೇಕು. ಅಂಥದೊಂದು ಹಾಳೆ ಸಿಕ್ಕರೆ ಅರ್ಧ ಊರೇ ಸಿಕ್ಕಂತೆ.

ತಾರೀಖಿನ ವಿಷಯದಲ್ಲಿ ಮಾತ್ರ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೂರಬೇಕು. ಡೇನಿಯಲ್ ಹುಟ್ಟಿದ್ದು 1734ರ ಎಂಟನೆಯ ತಿಂಗಳ 22ರಂದು. ಎಂಟನೆಯ ತಿಂಗಳೆಂದರೆ ಆಗಸ್ಟ್ ಎಂದು ಬರೆದುಕೊಂಡವರ ವಂಶಾವಳಿಗಳು ಬೇಕಾದಷ್ಟಿವೆ. ಆಗಿನ ಇಂಗ್ಲಿಷರ ವರ್ಷ ಮಾರ್ಚ್‌ನಿಂದ ಶುರುವಾಗುತ್ತಿತ್ತು, ಕ್ವೇಕರರಿಗೆ ಮಾರ್ಚ್ ಮೊದಲ ತಿಂಗಳು, ಹಾಗಾಗಿ ಎಂಟನೆಯದು ಅಕ್ಟೋಬರ್. 1752ರಲ್ಲಿ ಬ್ರಿಟಿಷ್ ಸರಕಾರ ಪಂಚಾಂಗ ಬದಲಿಸಿ ಹನ್ನೊಂದು ದಿನ ನುಂಗಿ ಹಾಕಿತು. ಹೊಸ ಲೆಕ್ಕದಲ್ಲಿ ಅದು ನವೆಂಬರ್ 2. ಡೇನಿಯಲ್ ಮಾತ್ರ ಸಾಯುವವರೆಗೂ ತನ್ನ ಹುಟ್ಟುಹಬ್ಬ ಅಕ್ಟೋಬರ್ 22 ಎಂದೇ ಹೇಳಿದ. ಇದನ್ನು ಓದಿ ನನಗೆ ತುಂಬ ಖುಷಿಯಾಯಿತು. ನಮ್ಮ ಹೈದರಾಬಾದ್ ಸಂಸ್ಥಾನದ ಕಂದಾಯ ಲೆಕ್ಕದ ಫಸಲಿ ವರ್ಷವೂ ಹೀಗೆಯೇ ಹೊಸಬರನ್ನು ಅಡ್ಡ ಬೀಳಿಸುತ್ತದೆ. ಅಕ್ಟೋಬರಿನಲ್ಲಿ ಆಜೂರ್ ತಿಂಗಳಿನಿಂದ ವರ್ಷಾರಂಭ. ಇಸವಿ ತಿಳಿಯಲು ವರ್ಷದ ಮೊದಲ ಭಾಗಕ್ಕೆ 590 ಕೂಡಿಸಬೇಕು, ಜನವರಿಯಿಂದ ಮುಂದಕ್ಕೆ 591. ಪೊಲೀಸ್ ಕಾರ್ಯಾಚರಣೆ ನಡೆದ 1948ರ ಸೆಪ್ಟೆಂಬರ್ 1357 ಫಸಲಿಗೆ ಸೇರುತ್ತದೆ, ಮರು ತಿಂಗಳು 1358. ಈ ಒಂದು ವರ್ಷದ ವ್ಯತ್ಯಾಸದಿಂದ ಬಿದ್ದುಹೋದ ದಾವೆಗಳನ್ನು ನಾನು ಕಂಡಿದ್ದೇನೆ.

ಬೂನ್ ಮನೆತನ ಪೆನ್ಸಿಲ್ವೇನಿಯಾ ಬಿಟ್ಟದ್ದಕ್ಕೂ ಆ ಪುಸ್ತಕದಲ್ಲಿಯೇ ಕಾರಣವಿದೆ. ಮೊದಲು ಹಿರಿಯ ಮಗಳು ಪಂಥದ ಹೊರಗಿನವನನ್ನು ಮದುವೆಯಾದಳು. ಸ್ಕ್ವಾಯರ್ ಸಭೆಯ ಮುಂದೆ ತಪ್ಪೊಪ್ಪಿಕೊಂಡ. 1747ರಲ್ಲಿ ಮಗ ಇಸ್ರೇಲ್ ಕೂಡ ಹೊರಗಿನ ಹುಡುಗಿಯನ್ನು ತಂದ. ಈ ಸಲ ತಂದೆ ಮಗನ ಪರ ನಿಂತ. ಸಭೆ ಸ್ಕ್ವಾಯರ್‌ನನ್ನು ಹೊರಗಿಟ್ಟಿತು. ಹುಕ್ಕಾ ಪಾನಿ ಬಂದ್ ಎಂದರೆ ನಮ್ಮ ಕಡೆಯವರಿಗೆ ಬೇಗ ಅರ್ಥವಾದೀತು. 1750ರಲ್ಲಿ ಇಡೀ ಕುಟುಂಬ ಬಂಡಿ ಹೂಡಿ ದಕ್ಷಿಣಕ್ಕೆ, ಉತ್ತರ ಕೆರೊಲಿನಾದ ಯಾಡ್ಕಿನ್ ನದಿಯ ಕಡೆಗೆ ಹೊರಟಿತು. ಅಲ್ಲಿ ಬೇರ್ ಕ್ರೀಕ್ ಎಂಬ ಹಳ್ಳದ ಮೇಲೆ ಸ್ಕ್ವಾಯರ್‌ಗೆ 640 ಎಕರೆ ಮಂಜೂರಾಯಿತು. 1756ರಲ್ಲಿ ಡೇನಿಯಲ್ ರೆಬೆಕಾ ಬ್ರಯಾನ್‌ಳನ್ನು ಮದುವೆಯಾದ. ಅವರಿಗೆ ಹತ್ತು ಮಕ್ಕಳು.

ನಾನು ಲೆಕ್ಕ ಹಾಕತೊಡಗಿದ್ದು ಇಲ್ಲಿಂದ. ಅಡ್ಡಹೆಸರು ಬೂನ್ ಎಂದೇ ಉಳಿಯಬೇಕಾದರೆ ಗಂಡುಮಕ್ಕಳ ಶಾಖೆಯಿಂದ ಬರಬೇಕು. ಡೇನಿಯಲ್‌ಗೆ ಆರು ಗಂಡುಮಕ್ಕಳು. ಹಿರಿಯವನು ಜೇಮ್ಸ್, 1773ರ ಅಕ್ಟೋಬರಿನಲ್ಲಿ, ಹದಿನಾರನೆಯ ವಯಸ್ಸಿಗೆ, ಕೆಂಟಕಿಯ ಹಾದಿಯಲ್ಲಿ ಮೂಲನಿವಾಸಿಗಳ ಗುಂಪೊಂದರ ಕೈಗೆ ಸಿಕ್ಕು ಸತ್ತ. ಎರಡನೆಯವನು ಇಸ್ರೇಲ್, 1782ರ ಆಗಸ್ಟ್ 19ರಂದು ಬ್ಲೂ ಲಿಕ್ಸ್ ಕಾಳಗದಲ್ಲಿ ತಂದೆಯ ಕಣ್ಣೆದುರೇ ಬಿದ್ದ, ಮದುವೆಯಾಗಿರಲಿಲ್ಲ. ವಿಲಿಯಂ ಕೂಸಿದ್ದಾಗಲೇ ತೀರಿಕೊಂಡ. ಉಳಿದವರು ಡೇನಿಯಲ್ ಮಾರ್ಗನ್, ಜೆಸ್ಸಿ, ನೇಥನ್, ಮೂವರೇ. ಅಮೆರಿಕದಲ್ಲಿ ಇಂದು ಬೂನ್ ಎಂಬ ಹೆಸರಿಟ್ಟುಕೊಂಡು ಡೇನಿಯಲ್‌ನ ಗಂಡು ಸಂತತಿ ಎನ್ನುವವರೆಲ್ಲರೂ ಈ ಮೂವರಲ್ಲಿ ಒಬ್ಬನ ಅಂಗಳಕ್ಕೆ ಬಂದು ಸೇರಲೇಬೇಕು. ಆದರೆ ಡೇನಿಯಲ್‌ಗೆ ಅಣ್ಣ ತಮ್ಮಂದಿರಿದ್ದರು: ಇಸ್ರೇಲ್, ಸ್ಯಾಮ್ಯುಯೆಲ್, ಜೊನಾಥನ್, ಜಾರ್ಜ್, ಎಡ್ವರ್ಡ್, ಕಿರಿಯ ಸ್ಕ್ವಾಯರ್. ಅವರ ಮಕ್ಕಳೂ ಬೂನ್‌ಗಳೇ, ಅವರಲ್ಲಿ ಹಲವರು ಕೆಂಟಕಿಗೇ ಬಂದರು, ಒಂದೇ ನಾಲ್ಕು ಹೆಸರುಗಳನ್ನು ಸುತ್ತಿ ಸುತ್ತಿ ಇಟ್ಟುಕೊಂಡರು. ನಮ್ಮಲ್ಲಿ ಒಂದೇ ಓಣಿಯಲ್ಲಿ ಐವರು ಶರಣಪ್ಪ, ನಾಲ್ವರು ಬಸಪ್ಪ ಇರುವುದಿಲ್ಲವೇ, ಹಾಗೆ.

ನಮ್ಮ ಕಡೆ ಇಂಥ ಗಂಟು ಬಿಡಿಸಲು ಹೆಳವರಿದ್ದಾರೆ. ತೊಗರಿ ರಾಶಿ ಮುಗಿಯುವ ಹೊತ್ತಿಗೆ ಊರಿಗೆ ಬರುತ್ತಾರೆ. ಮನೆಯ ಮುಂದೆ ನಿಂತು ಮೂಲಪುರುಷನಿಂದ ಹಿಡಿದು ಕಳೆದ ಸಲ ಬಂದು ಹೋದ ಮೇಲೆ ಹುಟ್ಟಿದ ಕೂಸಿನವರೆಗೆ ಓದುತ್ತಾರೆ, ಯಾವ ಊರು ಬಿಟ್ಟು ಯಾವ ಊರಿಗೆ ಬಂದಿರಿ ಎಂದೂ ಹೇಳುತ್ತಾರೆ. ಕಾಳು, ಬಟ್ಟೆ, ಅನುಕೂಲವಿದ್ದರೆ ಒಂದು ಕರು ಕೊಟ್ಟು ಕಳಿಸುವುದು ರೂಢಿ. ಬೂನ್ ಮನೆತನಕ್ಕೆ ಹಾಗೆ ಒದಗಿದವನು ಲೈಮನ್ ಡ್ರೇಪರ್ ಎಂಬ ಇತಿಹಾಸ ಸಂಗ್ರಾಹಕ. 1851ರಲ್ಲಿ ಅವನು ಮಿಸೌರಿಗೆ ಹೋಗಿ ಕಿರಿಯ ಮಗ ನೇಥನ್ ಮತ್ತು ಅವನ ಹೆಂಡತಿ ಆಲಿವ್ ಇಬ್ಬರನ್ನೂ ಕೂರಿಸಿಕೊಂಡು ನೆನಪಿರುವುದನ್ನೆಲ್ಲ ಬರೆದುಕೊಂಡ. ಅವನ ಕಾಗದಗಳು ಈಗ ವಿಸ್ಕಾನ್ಸಿನ್ ರಾಜ್ಯದ ಇತಿಹಾಸ ಸಂಸ್ಥೆಯಲ್ಲಿವೆ. ಟೋಪಿಯ ಸಂಗತಿ ಹೊರಬಿದ್ದದ್ದೂ ನೇಥನ್‌ನ ಬಾಯಿಂದಲೇ. ಜೆಮಿಮಾ ಎಂಬ ಮಗಳು ಹುಟ್ಟಿದಾಗ ಡೇನಿಯಲ್ ಬಹುಕಾಲದಿಂದ ಮನೆಯಲ್ಲಿರಲಿಲ್ಲ, ಅವಳು ಅವನ ತಮ್ಮನ ಮಗಳು ಎಂಬ ಗುಸುಗುಸು ಕೂಡ ಇಂಥ ಸಂಗ್ರಹಗಳಲ್ಲಿ ಬೇರೆ ಬೇರೆ ರೂಪದಲ್ಲಿ ಸಿಗುತ್ತದೆ. ವಂಶಾವಳಿ ಕೇಳಬಂದವರಿಗೆ ಹೆಳವರು ಇಂಥದನ್ನು ಎಂದೂ ಓದುವುದಿಲ್ಲ. ನಾನೂ ಅಣ್ಣನ ಮಗಳಿಗೆ ಕಳಿಸಿದ ಟಿಪ್ಪಣಿಯಲ್ಲಿ ಅದನ್ನು ಸೇರಿಸಲಿಲ್ಲ.

ಇನ್ನು ಜಮೀನು. ನನಗೆ ನಿಜವಾದ ರುಚಿ ಹತ್ತಿದ್ದು ಇಲ್ಲಿ.

ಕೆಂಟಕಿ ಆಗ ವರ್ಜೀನಿಯಾದ ಭಾಗ. 1779ರ ಕಾನೂನಿನ ಪ್ರಕಾರ 1778ಕ್ಕೆ ಮೊದಲು ಬಂದು ಜೋಳ ಬೆಳೆದವನಿಗೆ 400 ಎಕರೆ, ಪಕ್ಕದಲ್ಲಿಯೇ ಇನ್ನೂ 1,000 ಎಕರೆ ಕೊಳ್ಳುವ ಮೊದಲ ಹಕ್ಕು. ಜೋಳವೆಂದರೆ ಅಲ್ಲಿಯದು ಮೆಕ್ಕೆಜೋಳ. ಮೊದಲು ಇಷ್ಟು ನೆಲ ಅಳೆಸಿಕೊಳ್ಳಬಹುದೆಂಬ ವಾರಂಟ್ ಪಡೆಯಬೇಕು, ಆಮೇಲೆ ಇಂಥ ಜಾಗವೆಂದು ದಾಖಲು ಮಾಡಿಸಬೇಕು, ಅಳತೆಯಾಗಬೇಕು, ಕೊನೆಗೆ ಪಟ್ಟಾ. ಅಳೆಯುವ ಕೋಲು ಹದಿನಾರೂವರೆ ಅಡಿ. ಅದರ ಎರಡರಷ್ಟು 33 ಅಡಿ, ನಮ್ಮ ಗುಂಟೆಯ ಒಂದು ಬದಿ. ಅಲ್ಲಿ 160 ಚದರ ಕೋಲಿಗೆ ಒಂದು ಎಕರೆ, ಇಲ್ಲಿ 40 ಗುಂಟೆಗೆ ಒಂದು ಎಕರೆ, ಲೆಕ್ಕ ಒಂದೇ. ಸಾವಿರಾರು ಮೈಲಿ ಆಚೆಯ ಚೆಕ್ಕುಬಂದಿಯನ್ನು ನಾನು ನಮ್ಮ ಸೇಡಂ ತಾಲೂಕಿನ ಹೊಲದಂತೆ ಹಾಳೆಯ ಮೇಲೆ ಎಳೆದು ನೋಡಬಲ್ಲೆ. ತೊಂದರೆಯಿದ್ದದ್ದು ಗುರುತುಗಳಲ್ಲಿ. ಅಲ್ಲಿ ಬಾಂದುಕಲ್ಲು ನೆಡಲಿಲ್ಲ; ಹಳ್ಳದ ದಂಡೆಯ ಎರಡು ಮರ, ಬಂಡೆ, ಹೆಸರಿಲ್ಲದ ತೊರೆ, ಇಂಥವನ್ನೇ ಸೀಮೆಯೆಂದು ಬರೆದರು. ಮರ ಬಿತ್ತು, ಸೀಮೆ ಹೋಯಿತು. ಒಂದೇ ನೆಲಕ್ಕೆ ಮೂವರು ನಾಲ್ವರು ಪಟ್ಟಾ ಹಿಡಿದು ನಿಂತರು.

ಡೇನಿಯಲ್ ಸ್ವತಃ ಅಳತೆಗಾರನಾಗಿದ್ದ. 1780ರಲ್ಲಿ ವಾರಂಟ್ ಕೊಳ್ಳಲೆಂದು ಊರವರು ಒಪ್ಪಿಸಿದ ಸುಮಾರು 20,000 ಡಾಲರ್ ಹಣ ಹೊತ್ತು ಹೋಗುವಾಗ ತಂಗಿದ ಛತ್ರದಲ್ಲಿ ಎಲ್ಲವೂ ಕಳವಾಯಿತು. ಕೆಲವರು ಬಿಟ್ಟುಕೊಟ್ಟರು, ಕೆಲವರಿಗೆ ವರ್ಷಗಟ್ಟಲೆ ತೀರಿಸಿದ. ತನ್ನ ಹೆಸರಿಗೆ ಹಿಡಿದ ಸಾವಿರಾರು ಎಕರೆ ದಾವೆಗಳಲ್ಲಿ, ಜಾಮೀನಿನಲ್ಲಿ, ಸಾಲದಲ್ಲಿ ಕರಗಿತು. 1798ರಲ್ಲಿ ಕೆಂಟಕಿಯವರು ಒಂದು ಕೌಂಟಿಗೆ, ಅಂದರೆ ಜಿಲ್ಲೆಗೆ, ಅವನ ಹೆಸರಿಟ್ಟು ಗೌರವಿಸಿದರು. ಅದೇ ವರ್ಷ ಸಾಕ್ಷಿ ಹೇಳಲು ಬರಲಿಲ್ಲವೆಂದು ಅವನ ಮೇಲೆ ಬಂಧನದ ವಾರಂಟ್ ಹೊರಟಿತು. ಮರು ವರ್ಷ ಆಗ ಸ್ಪೇನಿನ ಕೈಯಲ್ಲಿದ್ದ ಮಿಸೌರಿಗೆ ಹೊರಟುಹೋದ. ಅಲ್ಲಿ ಕೊಟ್ಟ ಭೂಮಿಯೂ ಸರಕಾರ ಬದಲಾದಾಗ ಹೋಯಿತು. 1814ರಲ್ಲಿ ಅಮೆರಿಕದ ಸಂಸತ್ತು ಒಂದು ಪಾಲನ್ನು ಮರಳಿಸಿದರೆ, ಹಿಂದೆ ಸಾಲ ಕೊಟ್ಟವರಿಗೆ ತೀರಿಸಲು ಅದನ್ನೂ ಬಹುಪಾಲು ಮಾರಿದ. 1820ರ ಸೆಪ್ಟೆಂಬರ್ 26ರಂದು ನೇಥನ್‌ನ ಮನೆಯಲ್ಲಿ ತೀರಿಕೊಂಡ. ಅವನನ್ನು ಹೂತ ಮೇಲೂ ಜಗಳ ನಿಲ್ಲಲಿಲ್ಲ. 1845ರಲ್ಲಿ ಕೆಂಟಕಿಯವರು ಅಸ್ಥಿ ಅಗೆದು ಫ್ರಾಂಕ್‌ಫರ್ಟ್‌ಗೆ ಒಯ್ದರು. ಒಯ್ದದ್ದು ಬೇರೆ ಯಾರದೋ ಎಲುಬು ಎಂದು ಮಿಸೌರಿಯವರು ಇಂದಿಗೂ ಹೇಳುತ್ತಾರೆ.

ವಂಶ ಹುಡುಕುವವನಿಗೆ ಈ ದುರ್ದೆಸೆಯೆಲ್ಲ ಲಾಭವೇ. ಗಟ್ಟಿಯಾಗಿ ಹೊಲ ಹಿಡಿದು ಸುಮ್ಮನೆ ಉತ್ತುಕೊಂಡಿದ್ದವನ ಬಗ್ಗೆ ಒಂದು ಸಾಲು ಸಿಗುತ್ತದೆ. ಕಳೆದುಕೊಂಡವನ ಬಗ್ಗೆ ಕಡತಗಳೇ ಸಿಗುತ್ತವೆ. ಸಾಕ್ಷಿಗಳ ಹೇಳಿಕೆ, ಅಣ್ಣತಮ್ಮಂದಿರ ಹೆಸರು, ಯಾರು ಯಾವಾಗ ಯಾವ ಹಳ್ಳದ ಹತ್ತಿರ ಗುಡಿಸಲು ಹಾಕಿದರು ಎಂಬುದೆಲ್ಲ ದಾವೆಯ ಕಾಗದದಲ್ಲಿಯೇ ಇರುತ್ತದೆ. ನಮ್ಮ ಮನೆಯದೂ ಇದೇ ಕಥೆ. ನಮ್ಮ ಹಿರಿಯನೊಬ್ಬ ಭೀಮಾ ತೀರ ಬಿಟ್ಟು ಕಾಗಿಣಾ ನದಿಯ ಕಡೆಗೆ ಬಂದು, ಮುಳ್ಳುಕಂಟಿ ಕಡಿದು, ಯಾರೂ ಕಾಲಿಡದ ನೆಲವನ್ನು ಹೊಲ ಮಾಡಿದ ಎಂದು ನಾವು ಕೇಳುತ್ತಲೇ ಬೆಳೆದೆವು. ಹಳೆಯ ಸೇತ್ವಾರ, ಅಂದರೆ ನಿಜಾಮರ ಕಾಲದ ಸರ್ವೆ ದಾಖಲೆ, ತೆಗೆದು ನೋಡಿದರೆ ಆ ನಂಬರಿನ ಮೇಲೆ ಬೇರೊಬ್ಬರ ಹೆಸರಿದೆ. ಸಾಹುಕಾರನ ಸಾಲಕ್ಕೆ ಅವರಿಂದ ಕೈಬಿಟ್ಟ ಹೊಲ ಅದು. ಅವರ ಮನೆಯವರು ಎತ್ತ ಹೋದರೋ, ನಮ್ಮ ಹೆಳವನ ಪುಸ್ತಕದಲ್ಲಿ ಅವರಿಗೆ ಜಾಗವಿಲ್ಲ.

ಕೆಂಟಕಿಯ ನೆಲವೂ ಖಾಲಿಯಿರಲಿಲ್ಲ. ಶಾನಿ ಎಂಬ ಮೂಲನಿವಾಸಿ ಜನರಿಗೆ ಅದು ಬೇಟೆಯ ಸೀಮೆ. 1775ರ ಮಾರ್ಚ್‌ನಲ್ಲಿ ರಿಚರ್ಡ್ ಹೆಂಡರ್ಸನ್ ಎಂಬವನ ಕಂಪನಿ ಚೆರೋಕಿ ಎಂಬ ಇನ್ನೊಂದು ಮೂಲನಿವಾಸಿ ಜನರ ಮುಖಂಡರಿಂದ ಅದನ್ನು ಖರೀದಿಸಿದ್ದಾಗಿ ಕರಾರು ಮಾಡಿಕೊಂಡಿತು. ಡ್ರ್ಯಾಗಿಂಗ್ ಕನೂ ಎಂಬ ಚೆರೋಕಿ ಯುವಕ ವಿರೋಧಿಸಿ ಹೊರನಡೆದ, ಶಾನಿಗಳನ್ನು ಯಾರೂ ಕೇಳಲೇ ಇಲ್ಲ. ಡೇನಿಯಲ್ ದಾರಿ ಕಡಿದದ್ದು ಆ ಕಂಪನಿಯ ಪರವಾಗಿ. ಆಮೇಲೆ ವರ್ಜೀನಿಯಾ ಆ ಖರೀದಿಯನ್ನೇ ಅನೂರ್ಜಿತವೆಂದಿತು, ಆದರೂ ಹೆಂಡರ್ಸನ್‌ಗೆ ಪರಿಹಾರವಾಗಿ 2,00,000 ಎಕರೆ ಕೊಟ್ಟಿತು. 1778ರಲ್ಲಿ ಶಾನಿಗಳು ಡೇನಿಯಲ್‌ನನ್ನು ಸೆರೆ ಹಿಡಿದಾಗ ಮುಖಂಡ ಬ್ಲ್ಯಾಕ್‌ಫಿಶ್ ಅವನನ್ನು ದತ್ತು ಮಗನಂತೆ ಮನೆಯಲ್ಲಿಟ್ಟುಕೊಂಡ. ಕೆಲವೇ ತಿಂಗಳಲ್ಲಿ ತಪ್ಪಿಸಿಕೊಂಡು ಬಂದ, ಸೆಪ್ಟೆಂಬರಿನಲ್ಲಿ ಅದೇ ಬ್ಲ್ಯಾಕ್‌ಫಿಶ್ ಬೂನ್ಸ್‌ಬರೋ ಕೋಟೆಗೆ ಮುತ್ತಿಗೆ ಹಾಕಿದ. ವಂಶಾವಳಿಯ ಯಾವ ನಮೂನೆಯಲ್ಲಿಯೂ ಈ ದತ್ತಕಕ್ಕೆ ಕಾಲಂ ಇಲ್ಲ. ಇರಬೇಕಿತ್ತು.

ಅಣ್ಣನ ಮಗಳ ಸಹೋದ್ಯೋಗಿಯ ವಿಷಯಕ್ಕೆ ಬರುತ್ತೇನೆ. ಅವರ ಕಡೆಯಿಂದ ಹಿಂದೆ ಹಿಂದೆ ಹೋಗುತ್ತ 1850ರ ಜನಗಣತಿಯವರೆಗೆ ಅಡ್ಡಿಯಿರಲಿಲ್ಲ. ಮನೆಯವರೆಲ್ಲರ ಹೆಸರು ಬರೆದ ಮೊದಲ ಅಮೆರಿಕನ್ ಗಣತಿ ಅದೇ. ಹುಟ್ಟಿದ ರಾಜ್ಯವೂ ಇದೆ. ಮಿಸೌರಿಯಲ್ಲಿ ಒಬ್ಬ ಬೂನ್, ಹುಟ್ಟಿದ್ದು ಕೆಂಟಕಿ. ಅದಕ್ಕೂ ಹಿಂದಿನ ಗಣತಿಗಳಲ್ಲಿ ಯಜಮಾನನ ಹೆಸರು ಮಾತ್ರ, ಉಳಿದವರು ವಯಸ್ಸಿನ ಮನೆಗಳಲ್ಲಿ ಗೀಟುಗಳು. ಕೆಂಟಕಿಯ 1790 ಮತ್ತು 1800ರ ಗಣತಿ ಪುಸ್ತಕಗಳು ಉಳಿದೇ ಇಲ್ಲ. ಅದರ ಬದಲು ಕುದುರೆ, ದನ ಎಣಿಸಿದ ತೆರಿಗೆ ಪಟ್ಟಿಗಳನ್ನು ನೋಡಬೇಕು. ಆ ಪಟ್ಟಿಯಲ್ಲಿ ಒಂದೇ ಹೆಸರಿನ ಬೂನ್‌ಗಳು ಒಬ್ಬರ ಹಿಂದೊಬ್ಬರು ಬಂದು ನಿಂತರು.

ದಾರಿ ಬಿಟ್ಟುಕೊಟ್ಟದ್ದು ವಾರಸುದಾರರೆಲ್ಲ ಸೇರಿ ಮಾಡಿಕೊಟ್ಟ ಒಂದು ಖರೀದಿ ಪತ್ರ. ತಂದೆ ಸತ್ತ ಮೇಲೆ ಹೊಲ ಮಾರಬೇಕಾದರೆ ಎಲ್ಲ ಮಕ್ಕಳೂ ಅಳಿಯಂದಿರೂ ಸಹಿ ಹಾಕಬೇಕು. ನಮ್ಮ ವಾಟಣಿ (ಆಸ್ತಿ ಪಾಲು) ಪತ್ರ, ವಿರಾಸತ್ (ವಾರಸು) ಕಡತ ಕಂಡವರಿಗೆ ಅದರ ಬೆಲೆ ಗೊತ್ತು. ಹೆಂಗಸರ ಹೆಸರು ಸಿಗುವುದೂ ಇಂಥಲ್ಲಿಯೇ. ಗಂಡನ ಜಮೀನಿನಲ್ಲಿ ಹೆಂಡತಿಗೆ ಬದುಕಿರುವವರೆಗೆ ಮೂರನೆಯ ಒಂದು ಪಾಲಿನ ಹಕ್ಕಿತ್ತು. ಅದನ್ನು ಬಿಟ್ಟುಕೊಡುತ್ತೀಯಾ ಎಂದು ಗಂಡನನ್ನು ದೂರ ನಿಲ್ಲಿಸಿ, ಅವಳೊಬ್ಬಳನ್ನೇ ಕೇಳಿ, ಒಪ್ಪಿಗೆಯನ್ನು ಪತ್ರದ ಕೆಳಗೆ ಬರೆಯುತ್ತಿದ್ದರು. ನಮ್ಮ ಕಚೇರಿಗಳಲ್ಲಿ ಹೆಬ್ಬೆಟ್ಟು ಒತ್ತಿಸುವಾಗ ಹೀಗೆ ಯಾರಾದರೂ ಕೇಳಿದ್ದನ್ನು ನಾನು ನೋಡಿಲ್ಲ. ಆ ಪತ್ರದ ಹೆಂಡತಿಯ ಹೆಸರು, ಅಳಿಯಂದಿರ ಹೆಸರು, ಹೊಲ ಇದ್ದ ಹಳ್ಳ, ಮೂರನ್ನೂ ತೆರಿಗೆ ಪಟ್ಟಿಗೆ ತಾಳೆ ಹಾಕಿದಾಗ ಮಿಸೌರಿಯ ಆ ಬೂನ್ ಮನೆ ಸೇರಿದ: ಡೇನಿಯಲ್‌ನದಲ್ಲ, ಅವನ ಅಣ್ಣ ಸ್ಯಾಮ್ಯುಯೆಲ್‌ನ ಶಾಖೆ. ಸ್ಯಾಮ್ಯುಯೆಲ್‌ನ ಮಗ ಥಾಮಸ್ ಕೂಡ ಬ್ಲೂ ಲಿಕ್ಸ್‌ನಲ್ಲಿ ಡೇನಿಯಲ್‌ನ ಮಗ ಇಸ್ರೇಲ್‌ನ ಜೊತೆಯೇ ಸತ್ತವನು. ಬೂನ್ಸ್ ಸ್ಟೇಷನ್ ಎಂಬ ಆ ಕುಟುಂಬದ ಹಳೆಯ ನೆಲೆ ಲೆಕ್ಸಿಂಗ್ಟನ್‌ನಿಂದ ಬಹಳ ದೂರವಿಲ್ಲ. ಒಂದು ಭಾನುವಾರ ಇಬ್ಬರೂ ಹೋಗಿ ಸ್ಮಾರಕದ ಕಲ್ಲಿನ ಫೋಟೊ ತೆಗೆದು ಕಳಿಸಿದರು.

ಆಕೆಗೆ ಬೇಸರವಾಗಬಹುದೆಂದು ಅಣ್ಣನ ಮಗಳು ಹೆದರಿದ್ದಳು. ಬೇಸರವಾಗಲಿಲ್ಲ, ಆದರೆ ನಾನು ಕಳಿಸಿದ ಕಾಗದಗಳ ಕೊನೆಯಲ್ಲಿದ್ದ ಹಾಳೆಯೊಂದರ ಮೇಲೆ ಪ್ರಶ್ನೆ ಬಂತು. 1850ರಲ್ಲಿ ಗುಲಾಮರ ಗಣತಿ ಬೇರೆ ನಡೆಯಿತು. ಅದರಲ್ಲಿ ಒಡೆಯನ ಹೆಸರಿನ ಕೆಳಗೆ ವಯಸ್ಸು, ಗಂಡೋ ಹೆಣ್ಣೋ, ಮೈಬಣ್ಣ, ಇಷ್ಟೇ ಬರೆದಿದ್ದಾರೆ. ಡೇನಿಯಲ್ ಕೂಡ ಗುಲಾಮರನ್ನು ಇಟ್ಟುಕೊಂಡಿದ್ದವನೇ. 1780ರ ದಶಕದಲ್ಲಿ ಅವನ ಬಳಿ ಏಳು ಜನರಿದ್ದರು. ಆಕೆಯ ಪೂರ್ವಜನ ಹೆಸರಿನ ಕೆಳಗೆ ಒಬ್ಬ ಹೆಂಗಸು, ಇಬ್ಬರು ಮಕ್ಕಳು. "ಇವರ ಹೆಸರೇನು, ಇವರ ವಂಶದವರು ಯಾರಾದರೂ ಇದ್ದಾರೆಯೇ, ನಿಮ್ಮ ಕಾಕಾ ಹುಡುಕಬಲ್ಲರೇ?" ಎಂದು ಕೇಳಿದ್ದಾರೆ.

ನಮ್ಮ ಖಾಸ್ರಾ ಪಹಣಿಯಲ್ಲಾದರೆ ಪಟ್ಟೇದಾರನ ಪಕ್ಕದಲ್ಲಿ ಉಳುವವನಿಗೂ ಒಂದು ಕಾಲಂ ಇದೆ. ಅಲ್ಲಿ ಇರುವುದು ಒಡೆಯ ಸತ್ತಾಗ ಮಾಡಿದ ಆಸ್ತಿಯ ಪಟ್ಟಿ. ಕುದುರೆ, ನೇಗಿಲು, ತಾಮ್ರದ ಪಾತ್ರೆಗಳ ನಡುವೆ ಗುಲಾಮರನ್ನೂ ಬೆಲೆ ಕಟ್ಟಿ ಬರೆಯುತ್ತಿದ್ದರು, ಬೆಲೆ ಕಟ್ಟಬೇಕಾದ್ದರಿಂದ ಹೆಸರನ್ನೂ ಬರೆಯುತ್ತಿದ್ದರು. ಮಿಸೌರಿಯ ಆ ಕೌಂಟಿಯ ಉಯಿಲು ಪುಸ್ತಕಗಳ ಸೂಚಿಯನ್ನು ಈಗ ನೋಡುತ್ತಿದ್ದೇನೆ. ಆಸ್ತಿ ಪಟ್ಟಿ ಸಿಕ್ಕರೆ ಅಲ್ಲಿಂದ 1870ರ ಗಣತಿಗೆ ಹೋಗಬೇಕು. ಬಿಡುಗಡೆಯಾದವರು ಹೆಸರು, ಅಡ್ಡಹೆಸರು ಸಮೇತ ಮೊದಲ ಬಾರಿಗೆ ಬರುವುದು ಅದರಲ್ಲಿಯೇ. ಅಡ್ಡಹೆಸರು ಬೂನ್ ಎಂದೇ ಇರಬಹುದು, ಇಲ್ಲದಿರಲೂಬಹುದು, ಎರಡನ್ನೂ ನೋಡುವಂತೆ ಅಣ್ಣನ ಮಗಳಿಗೆ ಬರೆದಿದ್ದೇನೆ.